ಓಣಿಯವರು ಸೇರಿ ಸೋಲಾರ್ ಹಾಕಿಸುವುದು: ಮೊದಲು ಕಾಗದ, ಆಮೇಲೆ ಮಾಳಿಗೆ, ಕೊನೆಗೆ ದರ

ಒಂದೇ ಓಣಿಯ ಹತ್ತು ಹನ್ನೆರಡು ಮನೆಯವರು ಸೇರಿ ಒಬ್ಬನೇ ವೆಂಡರ್ ಹತ್ತಿರ ಸೋಲಾರ್ ಹಾಕಿಸಿದರೆ ರೇಟಿನಲ್ಲಿ ರಿಯಾಯಿತಿ ಸಿಗುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಹೀಗೆ ಹಾಕಿಸಿದವರು ನನ್ನ ಹತ್ತಿರ ಬಂದು ಹೇಳುವುದು ಬಹುತೇಕ ಒಂದೇ ಮಾತು: "ಪ್ಯಾನೆಲ್ ಮಾಳಿಗೆ ಮೇಲೆ ಕೂತು ನಾಲ್ಕು ತಿಂಗಳಾಯ್ತು ರೀ. ನೆಟ್ ಮೀಟರ್ ಬಂದಿಲ್ಲ, ಸಬ್ಸಿಡಿನೂ ಬಂದಿಲ್ಲ." ನೆಟ್ ಮೀಟರ್ ಅಂದರೆ ಮನೆಗೆ ಬಂದ ಕರೆಂಟನ್ನೂ, ಮನೆಯಿಂದ ಹೊರಗೆ ಹೋದ ಕರೆಂಟನ್ನೂ ಬೇರೆ ಬೇರೆ ಎಣಿಸುವ ಮೀಟರ್.

ಅವರ ಕಾಗದ ಬಿಚ್ಚಿ ನೋಡಿದರೆ ಸಾಮಾನಿನಲ್ಲಿ ತಪ್ಪು ಇರುವುದು ಕಡಿಮೆ. ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಮೊದಲು ದರ ಮಾತಾಡುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಆಮೇಲೆ ಮಾಳಿಗೆ ಹತ್ತುತ್ತಾರೆ, ಕಟ್ಟಕಡೆಗೆ ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆ ಅಂತ ನೋಡುತ್ತಾರೆ. ಈ ಸಾಲನ್ನು ಪೂರ್ತಿ ತಿರುವಿ ಹಾಕಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಜೆಸ್ಕಾಂ, ಅಂದರೆ ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿಯ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಕೆಳಗಿನ ಕ್ರಮ ಮೂರೂ ಕಡೆಗೆ ಒಂದೇ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಹಿಂದಿನ 12 ತಿಂಗಳ ಕರೆಂಟ್ ಬಿಲ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಕ್ಯಾನ್ಸಲ್ ಮಾಡಿದ ಚೆಕ್, ಮನೆಯ ಟ್ಯಾಕ್ಸ್ ರಸೀದಿ. ಅಳತೆಗೆ ಉದ್ದನೆಯ ಟೇಪ್, ದಿಕ್ಕಿಗೆ ಫೋನಿನ ದಿಕ್ಸೂಚಿ, ಗುರುತು ಹಾಕಲು ಸೀಮೆಸುಣ್ಣ. ಮಲ್ಟಿಮೀಟರ್ ಇಡೀ ಓಣಿಗೆ ಒಂದು ಸಾಕು. ಅದು ಯಾಕೆ ಬೇಕು ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ.

ಹಂತ 1: ನಿಮ್ಮ ಮನೆಗೆ ಇದು ಬೇಕೇ?

12 ತಿಂಗಳ ಬಿಲ್ಲಿನಲ್ಲಿರುವ ಯೂನಿಟ್ ಒಂದು ಹಾಳೆಯಲ್ಲಿ ಬರೆಯಿರಿ. ರೂಪಾಯಿ ಬೇಡ, ಯೂನಿಟ್ ಬರೆಯಿರಿ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಅಂದರೆ ತಿಂಗಳಿಗೆ 120ರ ಆಸುಪಾಸು. ತಿಂಗಳಿಗೆ 240 ಯೂನಿಟ್ ಸುಡುವ ಮನೆಗೆ 2 ಕಿಲೋವ್ಯಾಟ್, 350ರ ಆಸುಪಾಸು ಸುಡುವ ಮನೆಗೆ 3 ಕಿಲೋವ್ಯಾಟ್ ಸಾಕು.

ಗೃಹಜ್ಯೋತಿಯಲ್ಲಿ ವರ್ಷಪೂರ್ತಿ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಇಲ್ಲೇ ನಿಂತು ಯೋಚನೆ ಮಾಡಿ. ಕಟ್ಟದೇ ಇರುವ ಬಿಲ್ಲನ್ನು ಸೋಲಾರ್ ಉಳಿಸಿಕೊಡುವುದಿಲ್ಲ. ಓಣಿಯವರೆಲ್ಲ ಹಾಕಿಸುತ್ತಿದ್ದಾರೆ ಅಂತ ಸುಮ್ನೆ ಸಾಲ ಮಾಡಬೇಡಿ. ಏಪ್ರಿಲ್, ಮೇನಲ್ಲಿ ಕೂಲರ್, ಎಸಿ ಓಡಿ 200 ಯೂನಿಟ್ ದಾಟುವ ಮನೆಯ ಲೆಕ್ಕ ಬೇರೆ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಅವರಿಗೆ ಉಪಯೋಗ ಇದೆ. ಸೋಲಾರ್ ಬಂದ ಮೇಲೆ ನಿಮ್ಮ ಮೀಟರಿಗೆ ಗೃಹಜ್ಯೋತಿ ಲೆಕ್ಕ ಹೇಗೆ ಬೀಳುತ್ತದೆ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ವಿಷಯವನ್ನು ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ. ಬ್ಯಾಟರಿ ಇಲ್ಲದ ಈ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತಲೇ ಸೋಲಾರ್ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಯ ಕರೆಂಟ್ ಮಾಡುವ ಪೆಟ್ಟಿಗೆ) ಹಾಗೆ ಬಂದ್ ಆಗುತ್ತದೆ. ಲೋಡ್ ಶೆಡ್ಡಿಂಗ್‌ಗೆ ಪರಿಹಾರ ಅಂತ ನಂಬಿ ಹಾಕಿಸಿದವರು ಬಹಳ ನೊಂದುಕೊಳ್ಳುತ್ತಾರೆ. ಅದಕ್ಕೆ ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಅದರ ಖರ್ಚೇ ಬೇರೆ.

ಹಂತ 2: ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ?

ಅರ್ಧಕ್ಕರ್ಧ ಜನ ಸಿಕ್ಕಿಬೀಳುವುದು ಇಲ್ಲಿ. ಅದಕ್ಕೇ ಇದಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಸೋಲಾರ್ ಅರ್ಜಿ ಹೋಗುವುದು ಆರ್.ಆರ್. ನಂಬರಿನ ಮೇಲೆ, ಅಂದರೆ ಕರೆಂಟ್ ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ನಂಬರ್. ಬಿಲ್ಲಿನ ಹೆಸರು, ಆಧಾರ್ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಬ್ಬರದ್ದೇ ಆಗಿರಬೇಕು. ನಮ್ಮ ಕಡೆ ಹಳೆ ಮನೆಗಳಲ್ಲಿ ಮೀಟರ್ ಇನ್ನೂ ತಂದೆಯ, ಅಜ್ಜನ ಹೆಸರಿನಲ್ಲೇ ಓಡುತ್ತಿರುತ್ತದೆ. ಬಿಲ್ ಕಟ್ಟುತ್ತಾ ಹೋದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಯಾರಿಗೂ ನೆನಪೂ ಇರುವುದಿಲ್ಲ.

ನಮ್ಮ ಓಣಿಯ ಹಿರಿಯ ಅಕ್ಕಾರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಬಿಲ್ ತೀರಿಹೋದ ಅವರ ಮಾವನವರ ಹೆಸರಿನಲ್ಲಿತ್ತು. ಅಡ್ವಾನ್ಸ್ ಕೊಟ್ಟಾಗಿತ್ತು, ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ರಕ್ಚರ್ ಮಾಳಿಗೆ ಏರಿತ್ತು. ಆಮೇಲೆ ಮರಣ ಪತ್ರ, ವಂಶಾವಳಿ, ಮೈದುನರ ಒಪ್ಪಿಗೆ ಪತ್ರ ಅಂತ ಓಡಾಟ ಶುರುವಾಯಿತು. ಒಬ್ಬ ಮೈದುನ ಪುಣೆಯಲ್ಲಿ, ಇನ್ನೊಬ್ಬರು ಸಿಂಧನೂರಿನಲ್ಲಿ. ಉಳಿದ ಮನೆಗಳ ಮೀಟರ್ ತಿರುಗಲು ಶುರುವಾದ ಎಷ್ಟೋ ದಿನದ ಮೇಲೆ ಅವರದ್ದು ಮುಗಿಯಿತು. ಅಷ್ಟು ದಿನವೂ ಅವರು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಆ ಖಾಲಿ ಕಬ್ಬಿಣದ ಮೇಲೇ ಸೀರೆ ಹರಡುತ್ತಿದ್ದರು.

ಆದ್ದರಿಂದ ಮಾಡಬೇಕಾದದ್ದು:

1. ಹೆಸರು ಬೇರೆ ಇದ್ದರೆ ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಅದು ಮುಗಿದು ಹೊಸ ಹೆಸರಿನ ಬಿಲ್ ಕೈಗೆ ಬಂದ ಮೇಲೆಯೇ ಸೋಲಾರ್ ಅರ್ಜಿ.

2. ಅಕ್ಷರ ನೋಡಿ. ಬಿಲ್ಲಿನಲ್ಲಿ ಅಡ್ಡಹೆಸರು ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೂ ತೊಡಕಾಗುತ್ತದೆ. ಒಂದು ಕಡೆ ತಿದ್ದಿಸಿಕೊಳ್ಳಿ.

3. ಹಳೆ ಬಾಕಿ ಇದ್ದರೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

4. ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆಗೆ ಜೆಸ್ಕಾಂ ಒಪ್ಪಿದ ಕಿಲೋವ್ಯಾಟ್, ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತದೆ. 1 ಕಿಲೋವ್ಯಾಟ್ ಲೋಡ್ ಇರುವ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿದರೆ ಲೋಡ್ ಏರುತ್ತದೆ. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುವುದರಿಂದ ಅದೂ ಏರುತ್ತದೆ. ಸೋಲಾರ್ ಎಷ್ಟೇ ಕೊಟ್ಟರೂ ಈ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು. ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹಂತ 3: ಮಾಳಿಗೆ ಹತ್ತಿ ನೋಡಿ

ಆರ್‌ಸಿಸಿ ಮಾಳಿಗೆ ಇದ್ದರೆ ಒಳ್ಳೆಯದು. ಮಣ್ಣಿನ ಮಾಳಿಗೆ, ಬಂಡೆ ಹಾಸಿದ ಹಳೆ ಮನೆ ಇದ್ದರೆ ಅದರ ಮೇಲೆ ಸ್ಟ್ರಕ್ಚರಿನ ಕಾಲು ನೆಡಬೇಡಿ. ಒಂದೊಂದು ದೊಡ್ಡ ಪ್ಯಾನೆಲ್ 25 ಕಿಲೋ ದಾಟುತ್ತದೆ. ಭಾರಕ್ಕಿಂತ ದೊಡ್ಡ ಅಪಾಯ ಗಾಳಿಯದ್ದು. ಮೇ ತಿಂಗಳ ಗಾಳಿಮಳೆ ಪ್ಯಾನೆಲ್ಲನ್ನು ಕೆಳಗಿನಿಂದ ಎತ್ತುತ್ತದೆ.

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನೆರಳು ನೋಡುವ ರೀತಿ ಹೀಗೆ: ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಮಾಳಿಗೆಗೆ ಹೋಗಿ ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಪಕ್ಕದ ಮನೆ, ಬೇವಿನ ಮರ ಇವುಗಳ ನೆರಳಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬೇಸಿಗೆಯಲ್ಲಿ ನೋಡಿ ಮೋಸ ಹೋಗಬೇಡಿ. ಮೇನಲ್ಲಿ ಸೂರ್ಯ ತಲೆಯ ಮೇಲೆ ಇರುತ್ತಾನೆ, ನೆರಳು ಕಾಲಡಿಯಲ್ಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ 2 ಮೀಟರ್ ಎತ್ತರದ ಟ್ಯಾಂಕಿನ ನೆರಳು ನಡುಮಧ್ಯಾಹ್ನವೂ ಒಂದೂವರೆ ಮೀಟರ್‌ಗಿಂತ ಜಾಸ್ತಿ ಉತ್ತರಕ್ಕೆ ಚಾಚುತ್ತದೆ. ಆ ಪಟ್ಟಿಯಲ್ಲಿ ಪ್ಯಾನೆಲ್ ಕೂರಬಾರದು. ಸಾಲಿನಲ್ಲಿ ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೂ ಉಳಿದವುಗಳ ಕೆಲಸವೂ ಕುಂಟುತ್ತದೆ.

ಮುಖ ದಕ್ಷಿಣಕ್ಕೆ ಇರಲಿ, ಓರೆ 15 ಡಿಗ್ರಿ ಹತ್ತಿರ ಇರಲಿ. ಬಳ್ಳಾರಿ, ಕೊಪ್ಪಳ 15ನೇ ಅಕ್ಷಾಂಶದ ಮೇಲೆ, ರಾಯಚೂರು 16ರ ಮೇಲೆ ಇವೆ. ಆ ಓರೆ ವರ್ಷಪೂರ್ತಿ ಹೊಂದುತ್ತದೆ. ಮಳೆನೀರು ಜಾರಿ ದೂಳು ಹೋಗಲೂ ಅಷ್ಟು ಓರೆ ಬೇಕು.

ಹಂತ 4: ಗುಂಪು ಕಟ್ಟುವುದು

ಹಂತ 2 ಮತ್ತು 3 ಮುಗಿಸಿದ ಮನೆಗಳನ್ನು ಮಾತ್ರ ಪಟ್ಟಿಗೆ ಸೇರಿಸಿ. 20 ಮನೆ ಅಂತ ಹೇಳಿ ದರ ಇಳಿಸಿಕೊಂಡು ಕೊನೆಗೆ 7 ಮನೆ ಉಳಿದರೆ ವೆಂಡರ್ ಆ ದರಕ್ಕೆ ನಿಲ್ಲುವುದಿಲ್ಲ. ಕಾಗದ ಸರಿಯಿರುವ 8 ಮನೆ, ಬಾಯಿಮಾತಿನ 20 ಮನೆಗಿಂತ ಎಷ್ಟೋ ಮೇಲು.

ಗುಂಪಿನಲ್ಲಿ ಒಟ್ಟಿಗೆ ಮಾಡಬೇಕಾದದ್ದು ದರದ ಮಾತು, ಸಾಮಾನಿನ ಆಯ್ಕೆ, ಸಾಗಾಟ ಮತ್ತು ಅಳವಡಿಕೆಯ ದಿನ, ಇಷ್ಟೇ. ಅರ್ಜಿ, ಕರಾರು, ಬಿಲ್, ಹಣ ಮನೆಮನೆಗೆ ಬೇರೆ ಬೇರೆ. ಯಾರೂ ಗುಂಪಿನ ಮುಖಂಡರ ಖಾತೆಗೆ ಹಣ ಹಾಕಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ನಾಳೆ ಒಂದು ಮನೆಯ ಕೆಲಸ ನಿಂತರೆ ಓಣಿಯ ಸಂಬಂಧವೇ ಕೆಡುತ್ತದೆ.

ಈಗ ಮಲ್ಟಿಮೀಟರ್ ವಿಷಯ. ಒಂದೇ ಟ್ರಾನ್ಸ್‌ಫಾರ್ಮರ್‌ನ ಒಂದೇ ಫೇಸ್ (ಅದರಿಂದ ಹೊರಡುವ ಮೂರು ಕರೆಂಟ್ ತಂತಿಗಳಲ್ಲಿ ಒಂದು) ಮೇಲೆ ಹತ್ತು ಮನೆಯ ಸೋಲಾರ್ ಬಂದರೆ ಮಧ್ಯಾಹ್ನ ವೋಲ್ಟೇಜ್ ಏರುತ್ತದೆ. ಎಲ್ಲರ ಪ್ಯಾನೆಲ್ ಜೋರಾಗಿ ಕರೆಂಟ್ ತಳ್ಳುತ್ತಿರುತ್ತವೆ, ಮನೆಗಳಲ್ಲಿ ಆ ಹೊತ್ತಿಗೆ ಬಳಕೆ ಕಡಿಮೆ. ಮಿತಿ ದಾಟಿದ ಕೂಡಲೇ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ನಮ್ಮ ಸಾಲಿನ ಕೊನೆ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮಲ್ಟಿಮೀಟರ್ ಇಟ್ಟು ನೋಡಿದಾಗ 268 ವೋಲ್ಟ್ ತೋರಿಸಿತು. ಕೆಂಪು ದೀಪ ಹತ್ತುತ್ತದೆ, ಐದು ನಿಮಿಷ ಸುಮ್ಮನಿರುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಬಿಸಿಲು ತುಂಬಿ ಬರುವ ಹೊತ್ತಿಗೇ ಉತ್ಪಾದನೆ ಇಲ್ಲ. ಬೈಗುಳ ತಿಂದದ್ದು ಮಾತ್ರ ಪ್ಯಾನೆಲ್.

ಹಾಗಾಗಿ ಪಟ್ಟಿ ಮಾಡುವಾಗಲೇ ಪ್ರತಿ ಮನೆ ಯಾವ ಟ್ರಾನ್ಸ್‌ಫಾರ್ಮರ್, ಯಾವ ಫೇಸ್ ಅಂತ ಲೈನ್‌ಮನ್ ಹತ್ತಿರ ಕೇಳಿ ಬರೆದುಕೊಳ್ಳಿ. ಒಂದು ವಾರ ಮಧ್ಯಾಹ್ನದ ವೋಲ್ಟೇಜ್ ನೋಡಿ. ಈಗಲೇ 245 ದಾಟುತ್ತಿದ್ದರೆ, ಮನೆಗಳನ್ನು ಮೂರು ಫೇಸ್‌ಗೆ ಹಂಚಿಕೊಡಿ ಅಂತ ಸೆಕ್ಷನ್ ಆಫೀಸಿಗೆ ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಿ. ಗುಂಪು ಇರುವುದರ ನಿಜವಾದ ಬಲ ಇಂಥ ಕಡೆ ಕಾಣುತ್ತದೆ. ಒಬ್ಬರೇ ಹೋದರೆ ಇದು ನಡೆಯುವುದು ಕಷ್ಟ.

ಅಪಾರ್ಟ್‌ಮೆಂಟ್, ವಸತಿ ಸಂಘದವರಿಗೆ ದಾರಿ ಬೇರೆ. ಸಾಮಾನ್ಯ ಬಳಕೆಯ ಪಂಪು, ಲಿಫ್ಟ್, ದೀಪಗಳಿಗೆ ಸಂಘದ ಹೆಸರಿನಲ್ಲೇ ಹಾಕಬಹುದು. ಹಂತ 5ರಲ್ಲಿ ಹೇಳುವ ಕೇಂದ್ರದ ಯೋಜನೆಯಲ್ಲೇ ಅವರಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ ಅವಕಾಶ.

ಹಂತ 5: ಕೊಟೇಶನ್

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂದದ್ದು 2024ರ ಫೆಬ್ರವರಿಯಲ್ಲಿ. ಅದರ ಸಬ್ಸಿಡಿ ಹೀಗಿದೆ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000 ರೂಪಾಯಿ. 3ಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ.

ಮೂರು ವೆಂಡರ್ ಹತ್ತಿರ ಬರೆದ ಕೊಟೇಶನ್ ತೆಗೆದುಕೊಳ್ಳಿ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟು ಅದರಲ್ಲೇ ತುಂಬಿಸಿ. ಇಲ್ಲದಿದ್ದರೆ ಒಬ್ಬನ ಸ್ಟ್ರಕ್ಚರ್ ಎರಡಡಿ, ಇನ್ನೊಬ್ಬನದ್ದು ಎಂಟಡಿ ಇರುತ್ತದೆ, ಹೋಲಿಸಲು ಬರುವುದಿಲ್ಲ. ಯೋಜನೆಯ ಅಧಿಕೃತ ಜಾಲತಾಣದಲ್ಲಿ ನೋಂದಣಿ ಆದ ವೆಂಡರ್ ಆಗಿರಲೇಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ಪಟ್ಟಿಯಲ್ಲಿ ಮೊದಲ ಸಾಲು ಡಿಸಿಆರ್ ಪ್ಯಾನೆಲ್. ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಸಬ್ಸಿಡಿ ಸಿಗುವುದು ಇದಕ್ಕೆ ಮಾತ್ರ. ಡಿಸಿಆರ್ ಅಲ್ಲದ ಪ್ಯಾನೆಲ್ ಅಗ್ಗ. ಯಾರಾದರೂ ಉಳಿದವರಿಗಿಂತ ತೀರಾ ಕಡಿಮೆ ದರ ಹೇಳಿದರೆ ಮೊದಲು ಇದನ್ನೇ ಕೇಳಿ.

ಎರಡನೆಯದು ನಿಜವಾದ ಕಿಲೋವ್ಯಾಟ್. ಇಲ್ಲಿ ಬಹಳ ಜನ ಸೋತಿದ್ದಾರೆ. "3 ಕಿಲೋವ್ಯಾಟ್ ಸಿಸ್ಟಮ್" ಅಂತ ಬರೆದು 540 ವ್ಯಾಟ್‌ನ 5 ಪ್ಯಾನೆಲ್ ಹಾಕುತ್ತಾರೆ. ಗುಣಿಸಿ ನೋಡಿ, 2.7 ಕಿಲೋವ್ಯಾಟ್ ಆಗುತ್ತದೆ. ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಬ್ಸಿಡಿ ಲೆಕ್ಕ. 60,000ಕ್ಕೆ 0.7ರ ಪಾಲು 12,600 ಸೇರಿ 72,600 ರೂಪಾಯಿ ಬರುತ್ತದೆ. 5,400 ಕೈಬಿಟ್ಟಿತು. ಆರನೇ ಪ್ಯಾನೆಲ್ ಕೇಳಿ. ಅದಕ್ಕೆ ತಕ್ಕಂತೆ ಇನ್ವರ್ಟರ್ ಕೂಡ ಪೂರ್ತಿ 3 ಕಿಲೋವ್ಯಾಟ್ ಇರಲಿ.

ಆಮೇಲೆ ಸ್ಟ್ರಕ್ಚರ್ ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದೇ, ಬರೀ ಬಣ್ಣ ಬಳಿದದ್ದೇ; ಅರ್ಥಿಂಗ್ ಎಷ್ಟು; ಕೇಬಲ್ ಯಾವುದು; 5 ವರ್ಷದ ನಿರ್ವಹಣೆ ಬರೆದು ಕೊಡುತ್ತಾರಾ; ಜಿಎಸ್‌ಟಿ ಸೇರಿದೆಯಾ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆ ದರದ ಕೊಟೇಶನ್ ಕೊಟ್ಟರೆ ತಿದ್ದಿಸಿ.

ಚೌಕಾಸಿ ಬರೀ ರೂಪಾಯಿಗೆ ಮಾಡಬೇಡಿ. ಸರ್ವೇ, ಲಾರಿ, ಕೂಲಿ ಒಂದೇ ಸಲಕ್ಕೆ ಮುಗಿಯುವುದರಿಂದ ವೆಂಡರ್‌ಗೆ ಉಳಿತಾಯ ಆಗುತ್ತದೆ. ಅದರಲ್ಲಿ ಪಾಲು ಕೇಳುವುದು ನ್ಯಾಯ. ಆದರೆ ಒಂದು ಹದ ಮೀರಿ ಇಳಿಸಿದರೆ ಆತ ಕಬ್ಬಿಣದಲ್ಲೋ ಕೇಬಲ್‌ನಲ್ಲೋ ಅದನ್ನು ತೆಗೆದುಕೊಳ್ಳುತ್ತಾನೆ. ನನ್ನನ್ನು ಕೇಳಿದರೆ, ಮನೆಗೆ ಎರಡು ಸಾವಿರ ಕಡಿಮೆ ಮಾಡಿಸುವುದಕ್ಕಿಂತ ವರ್ಷಕ್ಕೆ ಎರಡು ಸಲ ಎಲ್ಲ ಮನೆಯ ನಟ್ಟು ಬೋಲ್ಟು, ಅರ್ಥಿಂಗ್ ನೋಡಿ ಹೋಗಬೇಕು ಅಂತ ಕರಾರಿನಲ್ಲಿ ಬರೆಸಿಕೊಳ್ಳುವುದು ಲಾಭ.

ಹಂತ 6: ಅರ್ಜಿ ಮತ್ತು ಹಣ

ಅರ್ಜಿಯನ್ನು ನಿಮ್ಮ ಫೋನಿನಲ್ಲಿ, ನಿಮ್ಮ ಎದುರಿಗೇ ತುಂಬಿ. ಸೂರ್ಯ ಘರ್ ಹೆಸರಿನ ನಕಲಿ ತಾಣಗಳಿವೆ. ಸರ್ಕಾರದ ವಿಳಾಸ 'ಗವ್ ಡಾಟ್ ಇನ್' ಅಂತಲೇ ಮುಗಿಯುತ್ತದೆ. ಮೊಬೈಲ್ ನಂಬರ್ ನಿಮ್ಮದೇ ಇರಲಿ. ವೆಂಡರ್ ತನ್ನ ನಂಬರ್ ಕೊಟ್ಟು ತುಂಬಿದರೆ ಮುಂದಿನ ಪ್ರತಿ ಒಟಿಪಿ ಅವನಿಗೇ ಹೋಗುತ್ತದೆ, ನಿಮ್ಮ ಅರ್ಜಿ ಎಲ್ಲಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ.

10 ಕಿಲೋವ್ಯಾಟ್‌ವರೆಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲದೇ ಒಪ್ಪಿಗೆ ಸಿಗುತ್ತದೆ. ಒಪ್ಪಿಗೆ ಬಂದ ಮೇಲೆ ವೆಂಡರ್ ಆಯ್ಕೆ ಮಾಡಿ, ಕರಾರಿಗೆ ಸಹಿ ಹಾಕಿ. ಸಾಲ ಬೇಕಿದ್ದರೆ 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದ, ಕಡಿಮೆ ಬಡ್ಡಿಯ ಸಾಲ ಬ್ಯಾಂಕುಗಳಲ್ಲಿ ಇದೆ. ಸರ್ಕಾರದ ಸಾಲದ ಅರ್ಜಿಗಳಿಗಿರುವ ಜನ ಸಮರ್ಥ್ ತಾಣದಿಂದ ಅರ್ಜಿ ಹಾಕಬಹುದು.

ಹಣವನ್ನು ನಾಲ್ಕು ಕಂತು ಮಾಡಿ. ಸಹಿ ಹಾಕಿದಾಗ ಸ್ವಲ್ಪ, ಸಾಮಾನು ಮನೆಗೆ ಬಂದು ಪ್ಯಾನೆಲ್ಲಿನ ಸೀರಿಯಲ್ ನಂಬರ್ ತಾಳೆ ನೋಡಿದ ಮೇಲೆ ದೊಡ್ಡ ಪಾಲು, ಅಳವಡಿಕೆ ಮುಗಿದಾಗ ಇನ್ನೊಂದು. ಶೇ 10ರಿಂದ 15ರಷ್ಟನ್ನು ನೆಟ್ ಮೀಟರ್ ತಿರುಗುವವರೆಗೆ ಹಿಡಿದಿಡಿ. ಆ ಕೊನೆ ಕಂತು ಕೈಯಲ್ಲಿ ಇಲ್ಲದಿದ್ದರೆ ಫೋನ್ ಎತ್ತುವವರೂ ಇರುವುದಿಲ್ಲ.

ಹಂತ 7: ಅಳವಡಿಕೆಯ ದಿನ ನಿಂತು ನೋಡಬೇಕಾದದ್ದು

ಪ್ಯಾನೆಲ್ ಮಾಳಿಗೆಗೆ ಏರುವ ಮೊದಲೇ ಪ್ರತಿಯೊಂದರ ಸೀರಿಯಲ್ ನಂಬರ್ ಫೋಟೊ ತೆಗೆಯಿರಿ. ಗುಂಪಿನ ಕೆಲಸದಲ್ಲಿ ಲಾರಿ ತುಂಬ ಪ್ಯಾನೆಲ್ ಬಂದಿರುತ್ತವೆ. ನಿಮ್ಮ ಮನೆಗೆ ಬರೆದ ನಂಬರ್ ಪಕ್ಕದ ಮನೆ ಮೇಲೆ ಕೂರುವುದು ಸುಲಭ. ಆಮೇಲೆ ಜಾಲತಾಣದಲ್ಲಿ ಎರಡೂ ಮನೆಯ ಅರ್ಜಿ ನಿಲ್ಲುತ್ತದೆ.

ಅರ್ಥಿಂಗ್ ಕುಣಿ ಮೂರು ಇರಲಿ: ಪ್ಯಾನೆಲ್ ಕಡೆಯದ್ದು, ಇನ್ವರ್ಟರ್ ಕಡೆಯದ್ದು, ಸಿಡಿಲು ತಡೆಯದ್ದು. ಒಂದೇ ಕುಣಿಗೆ ಮೂರೂ ವೈರ್ ಕಟ್ಟಿದರೆ ಸಿಡಿಲು ಬಡಿದಾಗ ಅದು ಇನ್ವರ್ಟರ್ ಒಳಗೇ ಬರಬಹುದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ. ಬಳ್ಳಾರಿಯ ಕಲ್ಲುನೆಲದಲ್ಲಿ ಆಳವೇ ಸಿಗುವುದಿಲ್ಲ. ಎರಡೂ ಕಡೆ ಅರ್ಥಿಂಗ್‌ನ ರೆಸಿಸ್ಟೆನ್ಸ್ ಅಳತೆ ಮಾಡಿಸಿ, 5 ಓಮ್ ಒಳಗೆ ಬರಬೇಕು. ಬೇಸಿಗೆಯಲ್ಲಿ ಕುಣಿಗೆ ವಾರಕ್ಕೊಂದು ಕೊಡ ನೀರು ಹಾಕಿ. ಏಪ್ರಿಲ್, ಮೇನ ಗುಡುಗು ಮಳೆ ಬರುವುದೂ ನೆಲ ಪೂರ್ತಿ ಒಣಗಿದ ಹೊತ್ತಿಗೇ.

ಪ್ಯಾನೆಲ್ ಕೆಳಗೆ ಗಾಳಿ ಆಡಬೇಕು. 40 ಡಿಗ್ರಿ ಬಿಸಿಲಿನಲ್ಲಿ ಪ್ಯಾನೆಲ್ ಮೈ 65 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಶೇ 0.35ರ ಹತ್ತಿರ ಶಕ್ತಿ ಇಳಿಯುತ್ತದೆ, ಅಂದರೆ ಶೇ 14 ಹೋಯಿತು. ಇನ್ವರ್ಟರ್‌ನ್ನು ಪಶ್ಚಿಮದ ಗೋಡೆಗೆ ಹಾಕಲು ಬಿಡಬೇಡಿ. ನೆರಳಿನ, ಗಾಳಿಯಾಡುವ ಜಾಗ ಕೊಡಿ.

ಆನೆಗೊಂದಿ, ಗಂಗಾವತಿ ಕಡೆ ಕೋತಿ ಕಾಟ ಇರುವವರು ಕೇಬಲ್ ಎಲ್ಲೂ ಜೋತಾಡದಂತೆ ಪೈಪಿನೊಳಗೆ ಹಾಕಿಸಿ. ಜೋತುಬಿದ್ದ ವೈರ್ ಕಂಡರೆ ಅವು ಎಳೆಯದೇ ಬಿಡುವುದಿಲ್ಲ.

ತಕ್ಷಣ ಕೆಲಸ ನಿಲ್ಲಿಸಬೇಕಾದ ಸೂಚನೆಗಳು: ಟೇಪ್ ಸುತ್ತಿದ ಕೇಬಲ್ ಜೋಡಣೆ, ಸ್ಲ್ಯಾಬ್ ಕೊರೆದು ಹಾಗೇ ಬಿಟ್ಟ ತೂತು, ಪ್ಯಾನೆಲ್ ಮೇಲೆ ಕಾಲಿಟ್ಟು ಓಡಾಡುವ ಹುಡುಗರು, ಸಿಡಿಲು ತಡೆ "ಆಮೇಲೆ ಹಾಕ್ತೀವಿ" ಎಂಬ ಮಾತು.

ಹಂತ 8: ನೆಟ್ ಮೀಟರ್, ಸಬ್ಸಿಡಿ

ಅಳವಡಿಕೆ ವಿವರ ಜಾಲತಾಣಕ್ಕೆ ಏರಿದ ಮೇಲೆ ಜೆಸ್ಕಾಂನವರು ಬಂದು ನೋಡುತ್ತಾರೆ, ನೆಟ್ ಮೀಟರ್ ಹಾಕುತ್ತಾರೆ, ಚಾಲನೆ ಪ್ರಮಾಣಪತ್ರ ತಾಣದಲ್ಲಿ ಬರುತ್ತದೆ. ಇಷ್ಟಕ್ಕೇ ಎಲ್ಲ ಮುಗಿಯಿತು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಬ್ಯಾಂಕ್ ವಿವರ, ಕ್ಯಾನ್ಸಲ್ ಚೆಕ್ ಹಾಕಿ ಸಬ್ಸಿಡಿ ಕೋರಿಕೆ ಕಳಿಸುವ ಕೆಲಸ ಉಳಿದಿರುತ್ತದೆ, ಅದನ್ನು ನೀವೇ ಮಾಡಬೇಕು. ಹಣ ನೇರ ನಿಮ್ಮ ಖಾತೆಗೇ ಬರುತ್ತದೆ. "ಸಬ್ಸಿಡಿ ನಮಗೆ ಬರುತ್ತೆ, ನೀವು ಉಳಿದದ್ದು ಕೊಡಿ" ಅಂದವರ ಮಾತು ಕೇಳಬೇಡಿ.

ನೆಟ್ ಮೀಟರ್ ಬರುವ ಮೊದಲು ಸಿಸ್ಟಮ್ ಚಾಲೂ ಮಾಡಬೇಡಿ. ಕೆಲವು ಡಿಜಿಟಲ್ ಮೀಟರ್ ಹೊರಗೆ ಹೋದ ಕರೆಂಟನ್ನೂ ಬಳಕೆ ಅಂತಲೇ ಎಣಿಸುತ್ತವೆ. ಬಿಲ್ ಇಳಿಯುವ ಬದಲು ಏರುತ್ತದೆ.

ಮೊದಲ ಬಿಲ್ ಬಂದಾಗ ಒಳಗೆ ಬಂದ ಯೂನಿಟ್, ಹೊರಗೆ ಹೋದ ಯೂನಿಟ್ ಎರಡೂ ಮುದ್ರಣ ಆಗಿದೆಯಾ ನೋಡಿ. ಹೊರಗೆ ಹೋದದ್ದು ಸೊನ್ನೆ ಇದ್ದರೆ ಮರುದಿನವೇ ಕಚೇರಿಗೆ ಹೋಗಿ. ದೂರಿಗೆ 1912 ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಂತ 9: ದೂಳು ಮತ್ತು ನೀರು

ನಮ್ಮ ಮೂರೂ ಜಿಲ್ಲೆಯ ದೂಳು ಬೇರೆ ಬೇರೆ ತರದ್ದು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಪುಡಿ. ಶಕ್ತಿನಗರದ ಸುತ್ತ ಹಾರುಬೂದಿ. ಸಿಂಧನೂರು, ಕಾರಟಗಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಗಿಣಿಗೇರಿ ಕಡೆ ಕಪ್ಪು ಮಸಿ. ಮಸಿಗೆ ಎಣ್ಣೆಯ ಅಂಟು ಇರುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಕಾರ್ಖಾನೆ ಹತ್ತಿರ ಇದ್ದರೆ ವಾರಕ್ಕೊಮ್ಮೆ ತೊಳೆಯಿರಿ.

ತೊಳೆಯುವುದು ಸೂರ್ಯ ಏರುವ ಮೊದಲು. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜಿಗೆ ಬಿರುಕು ಬರಬಹುದು. ಬೋರ್‌ವೆಲ್ ನೀರಿನ ಉಪ್ಪು ಬಿಳಿ ಕಲೆಯಾಗಿ ಕೂರುತ್ತದೆ. ಆರ್‌ಒ ಯಂತ್ರದಿಂದ ಹೊರಗೆ ಬೀಳುವ ನೀರಂತೂ ಇನ್ನೂ ಗಡುಸು, ಅದನ್ನು ಬಳಸಲೇಬೇಡಿ. ನಳದ ನೀರು, ಹಿಡಿದಿಟ್ಟ ಮಳೆನೀರು ಒಳ್ಳೆಯದು. ಬೋರ್ ನೀರೇ ಗತಿ ಅಂದರೆ ತೊಳೆದ ಕೂಡಲೇ ಒಣಗುವ ಮೊದಲು ಒರೆಸಿಬಿಡಿ.

ಇನ್ವರ್ಟರ್ ತೋರಿಸುವ ದಿನದ ಯೂನಿಟ್ ಅನ್ನು ಓಣಿಯ ಹುಡುಗರೊಬ್ಬರು ಭಾನುವಾರಕ್ಕೊಮ್ಮೆ ಎಲ್ಲ ಮನೆಯದ್ದೂ ಒಂದೇ ಪುಸ್ತಕದಲ್ಲಿ ಬರೆಯಲಿ. ಒಂದೇ ಅಳತೆಯ ಹತ್ತು ಮನೆಯಲ್ಲಿ ಒಂಬತ್ತು ಮನೆ 12 ಯೂನಿಟ್ ತೋರಿಸಿ ಒಂದೇ ಮನೆ 8 ತೋರಿಸಿದರೆ, ಆ ಮಾಳಿಗೆಗೆ ಅವತ್ತೇ ಹತ್ತಿ ನೋಡಿ.